ಮುಗಿದ ಕಥೆ, ಮುಗಿಯದ ಧಾರಾವಾಹಿ

ಡಿಸ್ನಿಯ ‘ಅಲಾದೀನ್’ 1992ರಲ್ಲಿ ಬಂದಾಗ ಅದು ಒಂದೂವರೆ ಗಂಟೆಯ ಸಿನಿಮಾ. ಎರಡು ವರ್ಷದ ನಂತರ ಅದೇ ಹೆಸರಿನ ಟಿ.ವಿ. ಸರಣಿ ಶುರುವಾಯಿತು. ಅದು ಮುಗಿಯುವ ಹೊತ್ತಿಗೆ 86 ಸಂಚಿಕೆಗಳಾಗಿದ್ದವು. ಜಾಹೀರಾತು ಕಳೆದು ಸಂಚಿಕೆಗೆ 22 ನಿಮಿಷವೆಂದು ಹಿಡಿದರೂ 31 ಗಂಟೆ ದಾಟುತ್ತದೆ, ಮೂಲ ಸಿನಿಮಾದ 20 ಪಟ್ಟಿಗೂ ಹೆಚ್ಚು. ಸಿನಿಮಾದಲ್ಲೇ ಬಡ ಹುಡುಗ ತನ್ನ ಸುಳ್ಳನ್ನು ಒಪ್ಪಿಕೊಂಡಾಗಿತ್ತು, ದೀಪದ ಜೀನಿಗೆ ಬಿಡುಗಡೆ ಸಿಕ್ಕಾಗಿತ್ತು, ಮಗಳು ತನಗೆ ಇಷ್ಟವಾದವನನ್ನು ಮದುವೆಯಾಗಲಿ ಎಂದು ಸುಲ್ತಾನ ಕಾನೂನನ್ನೇ ಬದಲಿಸಿದ್ದ. ಹೇಳಬೇಕಾದ್ದೆಲ್ಲ ಹೇಳಿದ ಮೇಲೆ ಇನ್ನೂ 31 ಗಂಟೆ ಹೇಳಲು ಏನಿತ್ತು?

ಮೂರೂವರೆ ದಶಕಗಳಿಂದ ಜಗತ್ತಿನ ದೊಡ್ಡ ಅನಿಮೇಷನ್ ಸ್ಟುಡಿಯೊಗಳು ಈ ಪ್ರಶ್ನೆಗೆ ಬಗೆಬಗೆಯ ಉತ್ತರ ಕೊಟ್ಟಿವೆ. ಕೆಲವು ಉತ್ತರಗಳು ಮೂಲ ಸಿನಿಮಾಕ್ಕಿಂತ ಗಟ್ಟಿಯಾಗಿವೆ. ಕೆಲವು ಪರಿಚಿತ ಮುಖಗಳನ್ನು ತೋರಿಸಿ ಮಕ್ಕಳ ಸಂಜೆಯನ್ನು ತುಂಬಿಸಿದ್ದಷ್ಟೇ. ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಬಜೆಟ್ಟಿನದು. ಸಿನಿಮಾಕ್ಕೆ ಹಣವಿತ್ತು, ಸರಣಿಗೆ ಇರಲಿಲ್ಲ ಎಂಬ ಮಾತು. ಅದು ಪೂರ್ತಿ ನಿಜವಲ್ಲ ಎಂಬುದು ಈ ಲೇಖನದ ವಾದ. ನಾಯಕ ಬದಲಾದಾಗ ಸಿನಿಮಾ ಮುಗಿಯುತ್ತದೆ. ನಿನ್ನೆ ಕಂಡವರೇ ನಾಳೆಯೂ ಸಿಗುತ್ತಾರೆ ಎಂಬ ಭರವಸೆಯ ಮೇಲೆ ಧಾರಾವಾಹಿ ನಡೆಯುತ್ತದೆ. ಎರಡೂ ಒಂದಕ್ಕೊಂದು ಎದುರು. ಈ ವಿರೋಧವನ್ನು ಒಂದು ಸರಣಿ ಹೇಗೆ ನಿಭಾಯಿಸಿತು ಎಂಬುದರ ಮೇಲೆಯೇ ಅದರ ಸೋಲು ಗೆಲುವು ನಿಂತಿದೆ.

65ರ ಲೆಕ್ಕ

ಈ ಸರಣಿಗಳ ಹುಟ್ಟಿಗೆ ಕಾರಣ ವ್ಯಾಪಾರ. 1984ರಲ್ಲಿ ಅಮೆರಿಕದ ಸಂವಹನ ಆಯೋಗ ಮಕ್ಕಳ ಕಾರ್ಯಕ್ರಮಗಳ ನಡುವಿನ ಜಾಹೀರಾತಿಗೆ ಇದ್ದ ಮಿತಿಗಳನ್ನು ಸಡಿಲಿಸಿತು. ಅದೇ ವರ್ಷ ಡಿಸ್ನಿಯ ಚುಕ್ಕಾಣಿ ಹಿಡಿದ ಮೈಕೇಲ್ ಐಸ್ನರ್ ಕಾಲದಲ್ಲಿ ಕಂಪನಿ ಟಿ.ವಿ.ಗೆಂದೇ ಪ್ರತ್ಯೇಕ ಅನಿಮೇಷನ್ ವಿಭಾಗ ತೆರೆಯಿತು. 1987ರ ‘ಡಕ್‌ಟೇಲ್ಸ್’ ಗೆದ್ದ ಮೇಲೆ 1990ರಲ್ಲಿ ‘ಡಿಸ್ನಿ ಆಫ್ಟರ್‌ನೂನ್’ ಎಂಬ ಎರಡು ಗಂಟೆಯ ಕಟ್ಟು ಸಿದ್ಧವಾಯಿತು. ಶಾಲೆ ಬಿಟ್ಟು ಮನೆಗೆ ಬಂದ ಮಕ್ಕಳಿಗೆ ವಾರದ ಐದೂ ದಿನ ನಾಲ್ಕು ಕಾರ್ಟೂನು.

ಈ ವ್ಯವಸ್ಥೆಯಲ್ಲಿ 65 ಎಂಬ ಸಂಖ್ಯೆಗೆ ವಿಶೇಷ ಬೆಲೆಯಿತ್ತು. ವಾರಕ್ಕೆ ಐದರಂತೆ 13 ವಾರ, ಅಂದರೆ ಸರಿಯಾಗಿ ಮೂರು ತಿಂಗಳು. ಆಮೇಲೆ ಮತ್ತೆ ಮೊದಲಿನಿಂದ. ವರ್ಷಕ್ಕೆ ನಾಲ್ಕು ಸುತ್ತು. ‘ಟೇಲ್‌ಸ್ಪಿನ್’, ‘101 ಡಾಲ್ಮೇಷಿಯನ್ಸ್’, ‘ಹರ್ಕ್ಯುಲಿಸ್’, ‘ಬಜ್ ಲೈಟ್‌ಇಯರ್ ಆಫ್ ಸ್ಟಾರ್ ಕಮಾಂಡ್’, ‘ಲಿಲೋ ಆ್ಯಂಡ್ ಸ್ಟಿಚ್’ ಇವೆಲ್ಲ 65ಕ್ಕೇ ನಿಂತಿದ್ದು ಕಾಕತಾಳೀಯವಲ್ಲ.

ಲೆಕ್ಕದ ಈ ಸಂಖ್ಯೆ ಕಥೆ ಹೇಳುವ ರೀತಿಯನ್ನೂ ನಿರ್ಧರಿಸಿತು. ಸ್ಥಳೀಯ ಕೇಂದ್ರಗಳು ಸಂಚಿಕೆಗಳನ್ನು ಯಾವ ಕ್ರಮದಲ್ಲಾದರೂ ಹಾಕಬಹುದಿತ್ತು, ಮಗು ಯಾವ ದಿನವಾದರೂ ತಪ್ಪಿಸಿಕೊಳ್ಳಬಹುದಿತ್ತು. ಹಾಗಾಗಿ ಪ್ರತಿ ಸಂಚಿಕೆಯೂ ತನ್ನಷ್ಟಕ್ಕೆ ಪೂರ್ಣವಾಗಿರಬೇಕು, ಮುಗಿದಾಗ ಎಲ್ಲರೂ ಶುರುವಿನಲ್ಲಿ ಇದ್ದಲ್ಲಿಗೇ ಬಂದು ನಿಲ್ಲಬೇಕು. ಸೋಮವಾರ ಕಲಿತದ್ದನ್ನು ಮಂಗಳವಾರ ನೆನಪಿಟ್ಟುಕೊಳ್ಳುವ ಹಾಗಿಲ್ಲ. ಬದಲಾವಣೆಯ ಮೇಲೆ ಕಟ್ಟಿದ ಸಿನಿಮಾವನ್ನು ಬದಲಾವಣೆಗೆ ಅವಕಾಶವೇ ಇಲ್ಲದ ಚೌಕಟ್ಟಿಗೆ ತರಬೇಕಾದ ಸಂಕಟ ಇಲ್ಲಿಂದ ಶುರುವಾಯಿತು. ಬರಹಗಾರರು ಇದರಿಂದ ಪಾರಾಗಲು ಮುಖ್ಯವಾಗಿ ಮೂರು ದಾರಿ ಹುಡುಕಿದರು: ಕಥೆಯ ಹಿಂದಕ್ಕೆ ಹೋಗುವುದು, ಪಕ್ಕಕ್ಕೆ ಸರಿಯುವುದು, ಮುಂದಕ್ಕೆ ನಡೆಯುವುದು.

ಹಿಂದಕ್ಕೆ ಹೋದವರ ಕಷ್ಟ

ಮೊದಲನೆಯದು ಮೇಲುನೋಟಕ್ಕೆ ಸುಲಭದ ದಾರಿ. ಸಿನಿಮಾ ಶುರುವಾಗುವ ಮುಂಚಿನ ದಿನಗಳಿಗೆ ಹೋಗಿಬಿಟ್ಟರೆ ಬದಲಾವಣೆಯ ಪ್ರಶ್ನೆಯೇ ಇಲ್ಲ. 1989ರ ‘ದಿ ಲಿಟ್ಲ್ ಮರ್ಮೇಡ್’ ಸಿನಿಮಾದಿಂದ 1992ರಲ್ಲಿ ಹುಟ್ಟಿದ ಸಿಬಿಎಸ್ ಸರಣಿ ಮಾಡಿದ್ದು ಇದನ್ನೇ. ಏರಿಯಲ್ ಇನ್ನೂ ಸಮುದ್ರದೊಳಗೇ ಇದ್ದಾಳೆ, ರಾಜಕುಮಾರನನ್ನು ಕಂಡಿಲ್ಲ. ಆದರೆ ಮೂಲ ಸಿನಿಮಾದ ಜೀವವೆಲ್ಲ ಇದ್ದದ್ದು ನೀರಿನಾಚೆಯ ಲೋಕಕ್ಕಾಗಿ ಆ ಹುಡುಗಿ ಪಡುವ ಹಂಬಲದಲ್ಲಿ. ಸರಣಿಯಲ್ಲಿ ಆ ಹಂಬಲ ಈಡೇರುವಂತಿಲ್ಲ, ಹೆಚ್ಚುವಂತೆಯೂ ಇಲ್ಲ. ಮುಂದೇನಾಗುತ್ತದೆ ಎಂದು ನೋಡುವ ಮಗುವಿಗೆ ಮೊದಲೇ ಗೊತ್ತು.

ಅಂಥ ಬಿಗಿ ಚೌಕಟ್ಟಿನಲ್ಲೂ ಒಳ್ಳೆಯ ಬರಹಗಾರರು ಏನು ಮಾಡಬಲ್ಲರು ಎಂಬುದಕ್ಕೆ ಆ ಸರಣಿಯ ಗೇಬ್ರಿಯೆಲಾ ಸಾಕ್ಷಿ. ಈಕೆ ಕಿವಿ ಕೇಳದ, ಮಾತು ಬಾರದ ಮತ್ಸ್ಯಕನ್ಯೆ. ಸಂಜ್ಞಾ ಭಾಷೆಯಲ್ಲಿ ಮಾತಾಡುತ್ತಾಳೆ. ಅವಳ ಜೊತೆಗಿರುವ ಆಲಿ ಎಂಬ ಪುಟ್ಟ ಆಕ್ಟೋಪಸ್ ಅದನ್ನು ಉಳಿದವರಿಗೆ ತಿಳಿಸುತ್ತದೆ. ಗೇಬ್ರಿಯೆಲಾಗೆ ಏರಿಯಲ್‌ನ ಹಾಗೆ ಹಾಡಬೇಕೆಂಬ ಆಸೆ. ಸಿನಿಮಾದಲ್ಲಿ ಏರಿಯಲ್ ತನ್ನ ಕಂಠವನ್ನೇ ಕೊಟ್ಟು ಕಾಲು ಪಡೆಯುತ್ತಾಳೆ ಎಂಬುದು ಗೊತ್ತಿರುವ ನೋಡುಗರಿಗೆ ಈ ಸಂಚಿಕೆ ಬೇರೆಯೇ ಅರ್ಥ ಕೊಡುತ್ತದೆ. ಯಾವ ದನಿಯನ್ನು ಒಬ್ಬಳು ಮುಂದೊಂದು ದಿನ ಒತ್ತೆಯಿಡಲಿದ್ದಾಳೋ ಅದೇ ದನಿಗಾಗಿ ಇನ್ನೊಬ್ಬಳು ಹಾತೊರೆಯುತ್ತಿದ್ದಾಳೆ. ಮಕ್ಕಳ ಕಾರ್ಟೂನಿನಲ್ಲಿ ಕೈಬೆರಳ ಭಾಷೆಯನ್ನು ಇಷ್ಟು ಗೌರವದಿಂದ ಬರೆದದ್ದು 1990ರ ದಶಕದಲ್ಲಿ ಸಣ್ಣ ಮಾತಲ್ಲ.

ಆದರೆ ಇಂಥ ಸಂಚಿಕೆ ಅಪರೂಪ. 1998ರ ‘ಹರ್ಕ್ಯುಲಿಸ್’ ಸರಣಿ ನಾಯಕನ ಹದಿಹರೆಯಕ್ಕೆ ಹೋಗಿ ಅವನನ್ನು ಶಾಲೆಗೆ ಸೇರಿಸಿತು. ಶಾಲೆಯ ತಮಾಷೆ ಚೆನ್ನಾಗಿಯೇ ಇತ್ತು. ಆದರೆ ಹರ್ಕ್ಯುಲಿಸ್ ಎಳೆಯ ಮಗುವಾಗಿದ್ದಾಗಲೇ ಸತ್ತನೆಂದು ಪಾತಾಳದ ಒಡೆಯ ಹೇಡೀಸ್ ನಂಬಿರುತ್ತಾನೆ, ಅವನು ಬದುಕಿದ್ದಾನೆಂದು ತಿಳಿಯುವುದು ದೊಡ್ಡವನಾದ ಮೇಲೆ. ಇದು ಸಿನಿಮಾದ ಮುಖ್ಯ ತಿರುವು. ಸರಣಿಯಲ್ಲಾದರೋ ಅದೇ ಹೇಡೀಸ್ ಹದಿಹರೆಯದ ಹರ್ಕ್ಯುಲಿಸ್‌ನ ಬೆನ್ನುಬಿದ್ದಿದ್ದಾನೆ. ಖಳನಿಲ್ಲದೆ 65 ಸಂಚಿಕೆ ಓಡಿಸುವುದು ಕಷ್ಟವೆಂದು ಸಿನಿಮಾದ ಬೆನ್ನೆಲುಬನ್ನೇ ಮುರಿದರು. ಮಕ್ಕಳಿಗೆ ಇದೆಲ್ಲ ತಿಳಿಯುವುದಿಲ್ಲ ಎಂಬ ಎಣಿಕೆ ಇದರ ಹಿಂದಿದೆ. ಮಕ್ಕಳಿಗೆ ಇದು ದೊಡ್ಡವರಿಗಿಂತ ಬೇಗ ತಿಳಿಯುತ್ತದೆ. ಮೆಚ್ಚಿದ ಸಿನಿಮಾವನ್ನು ಹತ್ತಾರು ಸಲ ನೋಡುವವರು ಅವರೇ.

ಪಕ್ಕದ ಪಾತ್ರಗಳ ಬಲ

ಎರಡನೆಯ ದಾರಿ ಹೆಚ್ಚು ಫಲ ಕೊಟ್ಟಿತು. ನಾಯಕನನ್ನು ಬಿಟ್ಟು ಅವನ ಪಕ್ಕದಲ್ಲಿದ್ದವರನ್ನು ಹಿಡಿಯುವುದು. ‘ದಿ ಲಯನ್ ಕಿಂಗ್’ನಲ್ಲಿ ಸಿಂಬಾ ಬದಲಾಗಲೇಬೇಕು. ಓಡಿಹೋದ ಮರಿ ಮರಳಿ ಬಂದು ರಾಜನಾಗುವುದೇ ಕಥೆ. ಅವನ ಗೆಳೆಯರಾದ ಟಿಮೋನ್, ಪುಂಬಾ ಮೊದಲು ಹೇಗಿದ್ದರೋ ಕೊನೆಗೂ ಹಾಗೆಯೇ. ಅವರನ್ನು ಸಿನಿಮಾ ಖರ್ಚು ಮಾಡಿ ಮುಗಿಸಿಲ್ಲ. 1995ರಲ್ಲಿ ಶುರುವಾದ ಅವರ ಸರಣಿ 85 ಸಂಚಿಕೆ ನಡೆಯಿತು. ನಮ್ಮ ಯಕ್ಷಗಾನದ ಪ್ರೇಕ್ಷಕರಿಗೆ ಇದರ ಗುಟ್ಟು ವಿವರಿಸಿ ಹೇಳಬೇಕಿಲ್ಲ. ರಾತ್ರಿಗೊಂದು ಪ್ರಸಂಗ ಬದಲಾದರೂ ಹಾಸ್ಯಗಾರ ರಂಗಕ್ಕೆ ಬಂದರೆ ಸಾಕು, ಯಾರೂ ಅವನ ಪರಿವರ್ತನೆಯನ್ನು ಕಾಯುವುದಿಲ್ಲ, ಅವನ ಮಾತನ್ನು ಕಾಯುತ್ತಾರೆ.

ಇದಕ್ಕೂ ಮುಂಚೆಯೇ ‘ಟೇಲ್‌ಸ್ಪಿನ್’ ಈ ದಾರಿಯಲ್ಲಿ ಬಹುದೂರ ಹೋಗಿತ್ತು. 1967ರ ‘ದಿ ಜಂಗಲ್ ಬುಕ್’ನಿಂದ ಜಿಮ್ ಮ್ಯಾಗನ್ ಮತ್ತು ಮಾರ್ಕ್ ಝಾಸ್ಲವ್ ತೆಗೆದುಕೊಂಡದ್ದು ಮುಖ್ಯವಾಗಿ ಮೂರು ಪಾತ್ರಗಳನ್ನು. ಮೋಗ್ಲಿಯೂ ಇಲ್ಲ, ಕಾಡೂ ಇಲ್ಲ. ಸೋಮಾರಿ ಕರಡಿ ಬಲೂ ಕೇಪ್ ಸುಝೆಟ್ ಎಂಬ ಬಂದರು ಪಟ್ಟಣದಲ್ಲಿ ಸರಕು ವಿಮಾನ ಹಾರಿಸುವ ಪೈಲಟ್. ವಾನರರಾಜ ಲೂಯಿ ಒಂದು ದ್ವೀಪದಲ್ಲಿ ಹೋಟೆಲು ನಡೆಸುತ್ತಾನೆ. ಶೇರ್ ಖಾನ್ ಸೂಟು ತೊಟ್ಟ ಭಾರೀ ಉದ್ಯಮಿ. ಬಲೂ ಕಂತು ಕಟ್ಟದೆ ಕಳೆದುಕೊಂಡ ವಿಮಾನವನ್ನು ಕೊಂಡ ರೆಬೆಕಾ ಕನಿಂಗ್‌ಹ್ಯಾಮ್ ಈಗ ಅವನ ಮಾಲೀಕಳು, ಪುಟ್ಟ ಮಗಳನ್ನು ಒಬ್ಬಳೇ ಸಾಕುತ್ತಿರುವ ತಾಯಿ. ಮನೆಯಿಲ್ಲದ ಹುಡುಗ ಕಿಟ್ ಅವರ ಜೊತೆ ಸೇರುತ್ತಾನೆ. ಸಿನಿಮಾದಲ್ಲಿ ಬಲೂವಿನ ಅಂತಃಕರಣವನ್ನು ತೋರಿಸಿದ್ದು ಅನಾಥ ಹುಡುಗನೊಬ್ಬನ ಮೇಲಿನ ಮಮತೆ. ಸರಣಿ ಮೇಲುಮೇಲಿನದನ್ನೆಲ್ಲ ಬದಲಿಸಿ ಆ ಒಂದು ತಿರುಳನ್ನು ಉಳಿಸಿಕೊಂಡಿತು. ರೂಪಾಂತರ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನು.

ಡ್ರೀಮ್‌ವರ್ಕ್ಸ್ ಸ್ಟುಡಿಯೊ ಈ ಪಾಠವನ್ನು ಚೆನ್ನಾಗಿ ಕಲಿಯಿತು. 2005ರ ‘ಮಡಗಾಸ್ಕರ್’ನಲ್ಲಿ ಸಿಂಹ, ಜೀಬ್ರಾ, ಜಿರಾಫೆ, ನೀರಾನೆ ನಾಯಕರು. ನಿಕಲೋಡಿಯನ್‌ ವಾಹಿನಿಗೆ ಹೋದ ಸರಣಿಯಲ್ಲಿ ಅವರು ಯಾರೂ ಮುಖ್ಯ ಪಾತ್ರಗಳಲ್ಲ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಮೃಗಾಲಯದಲ್ಲಿ ನಾಲ್ಕು ಪೆಂಗ್ವಿನ್‌ಗಳು, ಅವರ ನೆರೆಯಲ್ಲಿ ತನ್ನನ್ನು ತಾನೇ ರಾಜನೆಂದು ಘೋಷಿಸಿಕೊಂಡ ಲೆಮೂರ್ ಜೂಲಿಯನ್. ಆದೇಶ ಕೊಡುವ ಸ್ಕಿಪ್ಪರ್, ಲೆಕ್ಕ ಹಾಕುವ ಕೊವಾಲ್ಸ್‌ಕಿ, ಬಾಯಿಂದ ಬೇಕಾದ ಸಾಮಾನು ಕಕ್ಕುವ ರಿಕೊ, ಮನಸ್ಸು ಮೃದುವಾದ ಪ್ರೈವೇಟ್: ನಾಲ್ವರ ಸ್ವಭಾವ ಎಷ್ಟು ಸ್ಪಷ್ಟವೆಂದರೆ ಯಾವುದೇ ಸಣ್ಣ ಸಮಸ್ಯೆಯನ್ನು ಅವರ ನಡುವೆ ಎಸೆದರೂ 11 ನಿಮಿಷದ ಕಥೆ ಹುಟ್ಟುತ್ತದೆ. ಮುಂದೆ ಜೂಲಿಯನ್‌ಗೂ, ‘ಶ್ರೆಕ್’ ಚಿತ್ರಗಳ ಬೂಟು ತೊಟ್ಟ ಬೆಕ್ಕಿಗೂ ಬೇರೆ ಬೇರೆ ಸರಣಿ ಬಂದವು.

ಇದಕ್ಕೆ ತದ್ವಿರುದ್ಧ ಉದಾಹರಣೆ ‘ದಿ ಎಂಪರರ್ಸ್ ನ್ಯೂ ಸ್ಕೂಲ್’. ಮೂಲ ಸಿನಿಮಾದಲ್ಲಿ ಸೊಕ್ಕಿನ ರಾಜ ಕುಸ್ಕೊ ಲಾಮಾ ಪ್ರಾಣಿಯಾಗಿ ಅಲೆದು, ರೈತನೊಬ್ಬನ ಒಳ್ಳೆಯತನದಿಂದ ಮನುಷ್ಯನಾಗುತ್ತಾನೆ. 2006ರ ಸರಣಿಯಲ್ಲಿ ಅವನು ಪಟ್ಟವೇರಲು ಶಾಲೆ ಪಾಸಾಗಬೇಕು, ಅದಕ್ಕಾಗಿ ಮತ್ತೆ ಸೊಕ್ಕಿನವನಾಗಬೇಕು. ವಾರವಾರವೂ ಅದೇ ಪಾಠ ಕಲಿತು ಮುಂದಿನ ವಾರ ಮರೆಯುತ್ತಾನೆ. ಅರ್ಥಾ ಕಿಟ್ ಅವರ ಕಂಠದಲ್ಲಿ ಖಳನಾಯಕಿ ಇಝ್ಮಾ, ಅವಳ ಜೊತೆಗಾರ ಕ್ರಾಂಕ್ ಇಲ್ಲೂ ಮಿಂಚುತ್ತಾರೆ. ಅವರಿಬ್ಬರು ಬದಲಾಗಬೇಕಾದವರಲ್ಲವಲ್ಲ.

ಮುಂದಕ್ಕೆ ನಡೆದವರು

ಮೂರನೆಯ ದಾರಿ ಎಲ್ಲಕ್ಕಿಂತ ಕಠಿಣ. ನಾಯಕ ಬದಲಾಗಿದ್ದಾನೆ ಎಂಬುದನ್ನು ಒಪ್ಪಿಕೊಂಡು, ಮುಂದೇನು ಎಂದು ಕೇಳುವುದು. ಇದಕ್ಕೆ ಸಿನಿಮಾದಲ್ಲೇ ಎಲ್ಲೋ ಒಂದು ಕಡೆ ಉತ್ತರವಿಲ್ಲದ ಪ್ರಶ್ನೆ ಉಳಿದಿರಬೇಕು. ಅದನ್ನು ಕಂಡುಹಿಡಿಯುವ ಕಣ್ಣು ಬರಹಗಾರನಿಗೆ ಇರಬೇಕು.

ಕ್ರಿಸ್ ಸ್ಯಾಂಡರ್ಸ್ ಮತ್ತು ಡೀನ್ ಡಿಬ್ಲಾ ನಿರ್ದೇಶಿಸಿದ ‘ಲಿಲೋ ಆ್ಯಂಡ್ ಸ್ಟಿಚ್’ (2002) ಚಿತ್ರದಲ್ಲಿ ಆ ಪ್ರಶ್ನೆ ಒಂದು ಸಂಖ್ಯೆಯಾಗಿ ಕೂತಿತ್ತು. ಅನ್ಯಗ್ರಹದ ವಿಜ್ಞಾನಿ ಜುಂಬಾ ಸೃಷ್ಟಿಸಿದ ಸ್ಟಿಚ್‌ನ ಸಂಖ್ಯೆ 626. ಹಾಗಾದರೆ ಉಳಿದ 625 ಎಲ್ಲಿ? 2003ರ ಸರಣಿ ಇಲ್ಲಿಂದ ಶುರು. ಒಣ ಗುಂಡುಗಳಾಗಿ ಹವಾಯಿಯ ದ್ವೀಪದ ತುಂಬ ಚೆಲ್ಲಿಹೋದ ಪ್ರಯೋಗಜೀವಿಗಳು ನೀರು ತಾಗಿದೊಡನೆ ಜೀವ ತಳೆಯುತ್ತವೆ. ಪ್ರತಿಯೊಂದೂ ಒಂದಲ್ಲ ಒಂದು ಹಾನಿ ಮಾಡಲೆಂದೇ ಹುಟ್ಟಿದ್ದು. ಪುಟ್ಟ ಲಿಲೋ ಪ್ರತಿಯೊಂದಕ್ಕೂ ಹೆಸರಿಡುತ್ತಾಳೆ. ಆಮೇಲೆ ಅದು ಹಾನಿ ಮಾಡದೆ ಬದುಕಬಲ್ಲ ಒಂದು ಜಾಗ ಹುಡುಕುತ್ತಾಳೆ. ಕೆಡುಕಿಗೆಂದು ಹುಟ್ಟಿದ ಶಕ್ತಿ ಸರಿಯಾದ ತಾಣದಲ್ಲಿ ಉಪಕಾರಕ್ಕೆ ಬರುತ್ತದೆ. ದಿನಕ್ಕೊಂದು ಜೀವಿ, ದಿನಕ್ಕೊಂದು ಕಥೆ ಎಂಬ 65ರ ಲೆಕ್ಕಕ್ಕೂ ಇದು ಹೊಂದಿತು. ಯಾರನ್ನೂ ಹೊರಗೆ ಬಿಡಬಾರದೆಂಬ ಸಿನಿಮಾದ ಮೂಲ ಮಾತಿಗೂ ಹೊಂದಿತು. ಲಿಲೋ ಕಲಿತದ್ದನ್ನು ಮರೆಯಬೇಕಾಗಲಿಲ್ಲ. ತಾನು ಕಲಿತದ್ದನ್ನು ಪ್ರತಿದಿನ ಇನ್ನೊಬ್ಬರಿಗೆ ಹಂಚಿದಳು.

ಅದೇ ಇಬ್ಬರು ನಿರ್ದೇಶಕರ ಮುಂದಿನ ಚಿತ್ರ ‘ಹೌ ಟು ಟ್ರೈನ್ ಯುವರ್ ಡ್ರ್ಯಾಗನ್’ (2010) ಕೂಡ ಇಂಥದೊಂದು ಜಾಗ ಬಿಟ್ಟಿತ್ತು. ತಲೆಮಾರುಗಳಿಂದ ಡ್ರ್ಯಾಗನ್‌ಗಳನ್ನು ಕೊಲ್ಲುತ್ತಿದ್ದ ಊರು ಕೊನೆಗೆ ಅವುಗಳ ಜೊತೆ ಸಂಧಿ ಮಾಡಿಕೊಳ್ಳುತ್ತದೆ. ಸಿನಿಮಾ ಅಲ್ಲಿಗೆ ಸಂಭ್ರಮದಲ್ಲಿ ಮುಗಿಯಿತು. ಸಂಧಿಯ ಮಾರನೆಯ ದಿನ ಏನಾಗುತ್ತದೆ ಎಂದು 2012ರ ಸರಣಿ ಕೇಳಿತು. ಡ್ರ್ಯಾಗನ್‌ಗಳು ದವಸ ತಿನ್ನುತ್ತವೆ, ಮನೆ ಕೆಡವುತ್ತವೆ, ಹಳೆಯ ದ್ವೇಷ ಬಿಡದ ಮುದುಕ ಮಿಲ್ಡ್ಯೂ ಅವನ್ನು ಓಡಿಸಿ ಎಂದು ಹಟ ಹಿಡಿಯುತ್ತಾನೆ. ಯುದ್ಧ ನಿಲ್ಲಿಸುವುದಕ್ಕಿಂತ ಕೂಡಿ ಬಾಳುವುದು ಕಷ್ಟ ಎಂಬ ದೊಡ್ಡ ಸತ್ಯವನ್ನು ಮಕ್ಕಳಿಗೆ ಹೇಳಲು ಒಂದೂವರೆ ಗಂಟೆ ಸಾಲದು, ಸರಣಿಯೇ ಬೇಕು. ಎರಡನೆಯ ಸಿನಿಮಾ ಐದು ವರ್ಷ ಮುಂದಕ್ಕೆ ಜಿಗಿಯುತ್ತದೆ. ಆ ಐದು ವರ್ಷದ ಖಾಲಿಯನ್ನು ಮೊದಲು ಕಾರ್ಟೂನ್ ನೆಟ್‌ವರ್ಕ್, ಆಮೇಲೆ ನೆಟ್‌ಫ್ಲಿಕ್ಸ್ ಸೇರಿ 118 ಸಂಚಿಕೆಗಳಲ್ಲಿ ತುಂಬಿದವು. ಸಿನಿಮಾದ ಕೊನೆಯಲ್ಲಿ ಒಂದು ಕಾಲು ಕಳೆದುಕೊಂಡ ಹುಡುಗ ಹಿಕಪ್ ಇಲ್ಲಿ ಎಲ್ಲ ಸಂಚಿಕೆಗಳಲ್ಲೂ ಕೃತಕ ಕಾಲಿನಲ್ಲೇ ನಡೆಯುತ್ತಾನೆ, ಹಾರುತ್ತಾನೆ. ಆದ ಗಾಯವನ್ನು ಅಳಿಸಿಹಾಕಲಿಲ್ಲ.

‘ಟ್ಯಾಂಗಲ್ಡ್’ ಸರಣಿಯ ಕೆಲಸ ಇನ್ನೂ ಸೂಕ್ಷ್ಮ. 2010ರ ಸಿನಿಮಾದ ಕೊನೆಗೆ ರಪುನ್ಜೆಲ್‌ಳ ಮಾಯದ ಕೂದಲು ಕತ್ತರಿಸಿ ಹೋಗಿದೆ, ಗೋಪುರದ ಬಂಧನ ಮುಗಿದಿದೆ, ತಂದೆ ತಾಯಿ ಸಿಕ್ಕಿದ್ದಾರೆ. 2017ರ ಮಾರ್ಚ್‌ನಲ್ಲಿ ಬಂದ ಮೊದಲ ಕಂತಿನಲ್ಲಿ ಅರಮನೆಗೆ ಬಂದವಳಿಗೆ ಅಲ್ಲಿನ ರೀತಿ ರಿವಾಜು ಉಸಿರು ಕಟ್ಟಿಸುತ್ತದೆ. ಪ್ರೀತಿಸಿದ ಯೂಜೀನ್ ಎಲ್ಲರೆದುರು ಮದುವೆಯ ಮಾತೆತ್ತಿದಾಗ ಅವಳು ಒಪ್ಪುವುದಿಲ್ಲ. 18 ವರ್ಷ ಕೂಡಿಹಾಕಿದ್ದ ಗೋಡೆಗಳಿಂದ ಈಗಷ್ಟೇ ಹೊರಬಂದವಳಿಗೆ ಇನ್ನೊಂದು ಗೋಡೆ ಬೇಡ. ರಾತ್ರಿ ದಾಸಿ ಕ್ಯಾಸಂಡ್ರಾಳ ಜೊತೆ ಕದ್ದು ಕೋಟೆಯಾಚೆ ಹೋಗಿ, ನೆಲದಿಂದ ಮೊನಚಾಗಿ ಎದ್ದ ಕಪ್ಪು ಬಂಡೆಯನ್ನು ಮುಟ್ಟುತ್ತಾಳೆ. ಕೂದಲು ಮತ್ತೆ ಉದ್ದಕ್ಕೆ ಬೆಳೆದು ನಿಲ್ಲುತ್ತದೆ, ಈ ಸಲ ಕತ್ತರಿಗೂ ಬಗ್ಗದು. ಹೆದರಿದ ತಂದೆ ಅಪ್ಪಣೆಯಿಲ್ಲದೆ ಹೊರಗೆ ಕಾಲಿಡಬಾರದೆಂದು ಕಟ್ಟಪ್ಪಣೆ ಮಾಡುತ್ತಾನೆ. ಸ್ವಾರ್ಥದಿಂದ ಹಾಕಿದ ಬೀಗದಿಂದ ಪಾರಾದವಳು ಈಗ ಪ್ರೀತಿಯಿಂದ ಹಾಕಿದ ಬೀಗವನ್ನು ಎದುರಿಸಬೇಕು.

ಕೂದಲು ಮತ್ತೆ ಬೆಳೆದದ್ದು ಗೊಂಬೆ ಮಾರಾಟಕ್ಕೆ ಅನುಕೂಲವಾಯಿತು, ನಿಜ. ಆದರೆ ಬರಹಗಾರರು ಅದನ್ನು ಕಥೆಯ ಪ್ರಶ್ನೆಯಾಗಿ ಹೊತ್ತು 60 ಸಂಚಿಕೆ ನಡೆಸಿದರು. ಸರಣಿಗೆಂದೇ ಹುಟ್ಟಿದ ಕ್ಯಾಸಂಡ್ರಾ ಮೊದಲ ಸೀಸನ್ನಿನಲ್ಲಿ ಜೀವದ ಗೆಳತಿ, ಎರಡನೆಯದರ ಕೊನೆಗೆ ಬೆನ್ನಿಗೆ ಚೂರಿ ಹಾಕುತ್ತಾಳೆ, ಮೂರನೆಯದರಲ್ಲಿ ಎದುರಾಳಿ. ಅವಳು ಯಾರ ಮಗಳೆಂಬುದು ತಿಳಿದಾಗ ಮೂಲ ಸಿನಿಮಾವನ್ನೇ ಹೊಸದಾಗಿ ನೋಡಬೇಕಾಗುತ್ತದೆ. ಇಲ್ಲಿ ಪಾತ್ರಗಳು ನೆನಪಿಟ್ಟುಕೊಳ್ಳುತ್ತವೆ, ನೋಯುತ್ತವೆ, ಬೆಳೆಯುತ್ತವೆ.

ಜಪಾನ್ ನಾಲ್ಕನೆಯ ದಾರಿಯೊಂದನ್ನು ತೋರಿಸಿತು. ಮಮೊರು ಒಶಿಯಿ ಅವರ ‘ಘೋಸ್ಟ್ ಇನ್ ದಿ ಶೆಲ್’ (1995) ಚಿತ್ರದ ಕೊನೆಗೆ ನಾಯಕಿ ಮೊತೊಕೊ ಕುಸನಾಗಿ ಜಾಲದಲ್ಲಿ ಹುಟ್ಟಿದ ಇನ್ನೊಂದು ಪ್ರಜ್ಞೆಯ ಜೊತೆ ಬೆರೆತು ಬೇರೆಯೇ ಆಗಿಬಿಡುತ್ತಾಳೆ. ಅಲ್ಲಿಂದ ಮುಂದಕ್ಕೆ ಹೋಗಲಾಗದು. ಕೆಂಜಿ ಕಮಿಯಾಮಾ 2002ರಲ್ಲಿ ಶುರು ಮಾಡಿದ ‘ಸ್ಟ್ಯಾಂಡ್ ಅಲೋನ್ ಕಾಂಪ್ಲೆಕ್ಸ್’ ಸರಣಿ ಆ ಭೇಟಿ ನಡೆಯಲೇ ಇಲ್ಲ ಎಂದು ಇಟ್ಟುಕೊಂಡಿತು. ಹಾಗಾಗಿ ಅವಳು ಪೊಲೀಸ್ ಅಧಿಕಾರಿಯಾಗಿಯೇ ಉಳಿದು, ಸಮಾಜದ ಬೇರೆ ಬೇರೆ ಗಾಯಗಳನ್ನು ತನಿಖೆ ಮಾಡಿದಳು. ಎರಡಕ್ಕೂ ಮೂಲ ಮಸಾಮುನೆ ಶಿರೊ ಅವರ ಕಾಮಿಕ್ ಪುಸ್ತಕ ಆದ್ದರಿಂದ ಈ ಸ್ವಾತಂತ್ರ್ಯ ಸಾಧ್ಯವಾಯಿತು. ಸಿನಿಮಾವನ್ನು ಸುಳ್ಳು ಮಾಡದೆ ಬೇರೆ ದಾರಿ ಹಿಡಿಯುತ್ತೇನೆ ಎಂದು ಮೊದಲೇ ತಿಳಿಸಿದ ಪ್ರಾಮಾಣಿಕತೆ ಅದರದು. ‘ಹರ್ಕ್ಯುಲಿಸ್’ ಎಡವಿದ್ದು ಇದೇ ಪ್ರಾಮಾಣಿಕತೆ ಇಲ್ಲದೆ.

ಗೆರೆ, ಕಂಪ್ಯೂಟರ್, ಕಂಠ

ಹಣದ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಸಿನಿಮಾದ ಒಂದು ಸೆಕೆಂಡಿಗೆ 24 ಚೌಕಟ್ಟು. ಟಿ.ವಿ. ಸರಣಿಯಲ್ಲಿ ಒಂದೇ ಚಿತ್ರವನ್ನು ಎರಡು ಮೂರು ಚೌಕಟ್ಟಿಗೆ ನಿಲ್ಲಿಸಿ ಕೆಲಸ ಉಳಿಸುತ್ತಾರೆ. ಡಿಸ್ನಿ ತನ್ನ ಟಿ.ವಿ. ಕೆಲಸವನ್ನು ಜಪಾನ್, ಆಸ್ಟ್ರೇಲಿಯಾ, ಕೊರಿಯಾಗಳಲ್ಲಿ ಮಾಡಿಸಿತು. ಒಂದೇ ಸರಣಿಯ ಎರಡು ಸಂಚಿಕೆಗಳಲ್ಲಿ ಒಂದೇ ಮುಖ ಬೇರೆಯಾಗಿ ಕಾಣುತ್ತಿದ್ದುದು ಅದಕ್ಕೇ.

ಕಂಪ್ಯೂಟರ್ ಅನಿಮೇಷನ್ ಬಂದ ಮೇಲೆ ಕಷ್ಟ ಬೇರೆ ರೂಪ ತಾಳಿತು. ಕೈಚಿತ್ರದಲ್ಲಿ ಹೊಸ ಪಾತ್ರವೆಂದರೆ ಹೊಸ ರೇಖೆ. ಕಂಪ್ಯೂಟರಿನಲ್ಲಿ ಹೊಸ ಪಾತ್ರಕ್ಕೆ ಮಾಡೆಲ್ ಕಟ್ಟಬೇಕು, ಕೈಕಾಲು ಆಡಲು ರಿಗ್ಗಿಂಗ್ ಮಾಡಬೇಕು, ಚರ್ಮ, ಬಟ್ಟೆ, ಕೂದಲಿಗೆ ಮೇಲ್ಮೈ ಕೊಡಬೇಕು. ಹೊಸ ಊರಾದರೆ ಪ್ರತಿ ಮನೆಯನ್ನೂ ಕಟ್ಟಬೇಕು. ಪೆಂಗ್ವಿನ್‌ಗಳು ಒಂದೇ ಮೃಗಾಲಯದಲ್ಲಿ ಉಳಿದದ್ದಕ್ಕೆ ಕಥೆಯಷ್ಟೇ ಈ ಲೆಕ್ಕವೂ ಕಾರಣ. ‘ಟಾಯ್ ಸ್ಟೋರಿ’ಯ ಬಜ್ ಲೈಟ್‌ಇಯರ್ 2000ದ ಸರಣಿಯಲ್ಲಿ ಕೈಚಿತ್ರವಾದ. ‘ಟ್ಯಾಂಗಲ್ಡ್’ ಸರಣಿಯೂ ಕಂಪ್ಯೂಟರ್ ಬಿಟ್ಟು ಚಪ್ಪಟೆ ಚಿತ್ರಕ್ಕೆ ಬಂತು. ಆದರೆ ಅದರ ಶೈಲಿ ಬಂದದ್ದು ಸಿನಿಮಾದಲ್ಲಿ ರಪುನ್ಜೆಲ್ ಗೋಪುರದ ಗೋಡೆಗಳ ಮೇಲೆ ಬರೆಯುತ್ತಿದ್ದ ಚಿತ್ರಗಳಿಂದ. ಅವಳ ಕುಂಚದಲ್ಲೇ ಅವಳ ಮುಂದಿನ ಬದುಕು. ಬಜೆಟ್ಟಿನ ಕೊರತೆ ಇಲ್ಲಿ ಕಲೆಯ ತೀರ್ಮಾನವಾಗಿ ಮಾಗಿತು.

ಕಂಠದ ವಿಷಯ ಬೇರೆ. ದೊಡ್ಡ ನಟರು ಸರಣಿಗೆ ಸಿಗುವುದು ಅಪರೂಪ. ಜೀನಿಯನ್ನು ಜೀನಿಯನ್ನಾಗಿ ಮಾಡಿದ ರಾಬಿನ್ ವಿಲಿಯಮ್ಸ್ ಡಿಸ್ನಿಯ ಜೊತೆಗಿನ ಮನಸ್ತಾಪದಿಂದ ದೂರ ಉಳಿದಾಗ ‘ಸಿಂಪ್ಸನ್ಸ್’ ಖ್ಯಾತಿಯ ಡ್ಯಾನ್ ಕ್ಯಾಸ್ಟಲನೆಟಾ ಆ ಜಾಗ ತುಂಬಿದರು. ‘ಕುಂಗ್ ಫು ಪಾಂಡಾ’ ಸಿನಿಮಾದಿಂದ ಬಂದ ಸರಣಿಯಲ್ಲಿ ಜಾಕ್ ಬ್ಲ್ಯಾಕ್ ಬದಲು ಮಿಕ್ ವಿಂಗರ್ಟ್ ಪಾಂಡಾಕ್ಕೆ ದನಿ ಕೊಟ್ಟರು. ಇಲ್ಲಿ ಕೇಳುಗರು ಒಂದಿಷ್ಟು ಔದಾರ್ಯ ತೋರಬೇಕು. ವರ್ಷಗಟ್ಟಲೆ, ನೂರಾರು ಗಂಟೆ ಒಂದು ಪಾತ್ರದ ಉಸಿರಾಗಿ ಇರುವುದು ಒಂದು ಸಿನಿಮಾಕ್ಕೆ ದನಿ ಕೊಡುವುದಕ್ಕಿಂತ ಕಡಿಮೆ ಕಲೆಯಲ್ಲ. ಏರಿಯಲ್‌ಗೆ ದನಿಯಾದ ಜೋಡಿ ಬೆನ್ಸನ್, ಹಿಕಪ್‌ಗೆ ದನಿಯಾದ ಜೇ ಬರುಶೆಲ್, ರಪುನ್ಜೆಲ್‌ಗೆ ದನಿಯಾದ ಮ್ಯಾಂಡಿ ಮೂರ್ ತಮ್ಮ ಪಾತ್ರಗಳ ಜೊತೆಗೇ ಸರಣಿಗೂ ಬಂದರು. ಸ್ಟಿಚ್‌ನ ದನಿಯಂತೂ ಚಿತ್ರದ ನಿರ್ದೇಶಕ ಸ್ಯಾಂಡರ್ಸ್ ಅವರದೇ.

ಆರೇ ಸಂಚಿಕೆಯ ಕಾಲ

ಸ್ಟ್ರೀಮಿಂಗ್ ಬಂದ ಮೇಲೆ 65ರ ಲೆಕ್ಕ ಕುಸಿಯಿತು. ಮಗು ಬೇಕಾದ ಸಂಚಿಕೆಯನ್ನು ಬೇಕಾದಾಗ, ಕ್ರಮವಾಗಿ ನೋಡಬಲ್ಲದು. ಕಥೆ ಮುಂದುವರಿಯಲು ಇದ್ದ ಅಡ್ಡಿ ಹೋಯಿತು. ‘ಡ್ರ್ಯಾಗನ್’ ಸರಣಿಯ ನೆಟ್‌ಫ್ಲಿಕ್ಸ್ ಭಾಗ ಬಲವಾದದ್ದು ಹೀಗೆ. ಆದರೆ ಸಂಖ್ಯೆ ಇನ್ನೊಂದು ಅತಿಗೆ ಹೋಯಿತು. 2022ರಲ್ಲಿ ಬಂದ ‘ಬೇಮ್ಯಾಕ್ಸ್!’ ಆರೇ ಸಂಚಿಕೆ, ‘ಝೂಟೋಪಿಯಾ+’ ಆರು, ‘ಕಾರ್ಸ್ ಆನ್ ದಿ ರೋಡ್’ ಒಂಬತ್ತು. ನೋಡಲು ಸಿನಿಮಾದಷ್ಟೇ ಚೆಂದ, ಆದರೆ ಗೆಳೆತನ ಬೆಳೆಯುವ ಮುಂಚೆಯೇ ಮುಗಿಯುತ್ತವೆ.

ಈಗ ಹರಿವು ತಿರುವುಮುರುವಾಗಿದೆ. ಡಿಸ್ನಿ 2020ರಲ್ಲಿ ‘ಮೊವಾನಾ’ವನ್ನು ಸರಣಿ ಮಾಡುವುದಾಗಿ ಘೋಷಿಸಿತ್ತು. 2024ರ ಫೆಬ್ರುವರಿಯಲ್ಲಿ ಅದನ್ನೇ ಸಿನಿಮಾ ಮಾಡುತ್ತೇವೆ ಎಂದಿತು. ನವೆಂಬರಿನಲ್ಲಿ ತೆರೆಕಂಡ ‘ಮೊವಾನಾ 2’ ನೂರು ಕೋಟಿ ಡಾಲರಿಗೂ ಮಿಕ್ಕಿ ಗಳಿಸಿತು. 2025ರ ಮಾರ್ಚಿನಲ್ಲಿ ‘ಪ್ರಿನ್ಸೆಸ್ ಆ್ಯಂಡ್ ದಿ ಫ್ರಾಗ್’ ಆಧಾರಿತ ‘ಟಿಯಾನಾ’ ಸರಣಿಯನ್ನು ಕೈಬಿಟ್ಟರು. ವ್ಯಾಪಾರದ ಕಣ್ಣಿಗೆ ಇದು ಜಾಣತನ. ಆದರೆ ‘ಮೊವಾನಾ 2’ ನೋಡುವಾಗ ಕಂತುಗಳ ಹೊಲಿಗೆ ಕಾಣುತ್ತದೆ. ದೋಣಿಗೆ ಹತ್ತಿದ ಹೊಸ ಸಂಗಾತಿಗಳು ಪರಿಚಯವಾಗುವಷ್ಟರಲ್ಲಿ ಸಿನಿಮಾ ಮುಗಿದಿರುತ್ತದೆ. ಅವರಿಗೆ ಬೇಕಿದ್ದದ್ದು ಸರಣಿಯ ಬಿಡುವು.

ಬೆಂಗಳೂರಿನ ಕೈಗಳು

ಈ ಕಥೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ತೊಂಬತ್ತರ ದಶಕದ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ‘ಟೇಲ್‌ಸ್ಪಿನ್’ ನೋಡಿದ ಕನ್ನಡದ ಮಕ್ಕಳಿಗೆ ಬಲೂ ಮಾತಾಡಿದ್ದು ಹಿಂದಿಯಲ್ಲಿ. 2009ರಲ್ಲಿ ಚಿಂಟು ಟಿ.ವಿ. ಬಂದ ಮೇಲೆ ಕಾರ್ಟೂನಿಗೆ ಕನ್ನಡ ನಾಲಿಗೆ ಸಿಕ್ಕಿತು. ಕೆಲಸದ ಮನೆಯಲ್ಲಿ ಮಾತ್ರ ನಮ್ಮವರು ಅದಕ್ಕೂ ಮುಂಚೆಯೇ ಇದ್ದರು. 2008ರ ಹೊತ್ತಿಗೆ ಬೆಂಗಳೂರಿನ ಪಾಪ್ರಿಕಾಸ್ ಸ್ಟುಡಿಯೊ ಟೆಕ್ನಿಕಲರ್ ಎಂಬ ವಿದೇಶಿ ಕಂಪನಿಯ ತೆಕ್ಕೆಗೆ ಬಂದು, ಡ್ರೀಮ್‌ವರ್ಕ್ಸ್‌ಗೆಂದೇ ಪ್ರತ್ಯೇಕ ಘಟಕ ಇಲ್ಲಿ ಶುರುವಾಯಿತು. ‘ಪುಸ್ ಇನ್ ಬೂಟ್ಸ್’ನಂಥ ಸಿನಿಮಾಕ್ಕೂ, ಪೆಂಗ್ವಿನ್, ಪಾಂಡಾ ಸರಣಿಗಳಿಗೂ ಬೆಂಗಳೂರಿನ ಕಲಾವಿದರು ದುಡಿದರು. ರಾಜ್ಯ ಸರ್ಕಾರ 2012ರಲ್ಲೇ ಅನಿಮೇಷನ್ ಕ್ಷೇತ್ರಕ್ಕೆಂದು ನೀತಿ ರೂಪಿಸಿತು. ಆದರೆ 2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಸಮೂಹ ಕುಸಿದಾಗ ಇಲ್ಲಿನ ಕಚೇರಿಯೂ ನಿಂತಿತು. ಸಾವಿರಾರು ನುರಿತ ಕೈಗಳು ಒಮ್ಮೆಲೇ ಕೆಲಸ ಕಳೆದುಕೊಂಡವು. ಬೇರೆಯವರ ಪಾತ್ರಗಳಿಗೆ ನಡಿಗೆ ಕಲಿಸಿದವರ ಬಳಿ ತಮ್ಮದೆನ್ನಬಹುದಾದ ಪಾತ್ರವೊಂದಿರಲಿಲ್ಲ. ಇದು ನೋವಿನ ಸಂಗತಿ.

ಭಾರತದಲ್ಲಿ ಅನಿಮೇಷನ್ ಸಿನಿಮಾದಿಂದ ಸರಣಿ ಹುಟ್ಟಿದ್ದು ಕಡಿಮೆ. ‘ಛೋಟಾ ಭೀಮ್’ 2008ರಲ್ಲಿ ಪೊಗೊ ಚಾನೆಲ್‌ನಲ್ಲಿ ಗೆದ್ದು 2012ರಲ್ಲಿ ಚಿತ್ರಮಂದಿರಕ್ಕೆ ಹೋದ. ‘ಲಿಟ್ಲ್ ಸಿಂಘಮ್’ನಂಥವು ತಾರೆಯರ ಸಿನಿಮಾಗಳಿಂದ ಹುಟ್ಟಿದವು. ಅಲ್ಲಿ ಬಂದದ್ದು ಮೀಸೆ ಮತ್ತು ಖಾಕಿ, ಕಥೆಯಲ್ಲ. 2025ರಲ್ಲಿ ಬೆಂಗಳೂರಿನ ಹೊಂಬಾಳೆ ಫಿಲಂಸ್ ಅರ್ಪಿಸಿದ ‘ಮಹಾವತಾರ್ ನರಸಿಂಹ’ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ದೊಡ್ಡ ಯಶಸ್ಸು ಕಂಡಿತು. ಅನಿಮೇಷನ್ ಎಂದರೆ ಚಿಕ್ಕ ಮಕ್ಕಳದ್ದು ಮಾತ್ರ ಎಂಬ ನಂಬಿಕೆ ಅದರಿಂದ ಸಡಿಲವಾಯಿತು. ಇಂಥ ಸಿನಿಮಾದಿಂದ ಸರಣಿ ಮಾಡುವ ಯೋಚನೆ ನಮ್ಮಲ್ಲಿ ಇನ್ನು ಬಂದೇ ಬರುತ್ತದೆ. ಆಗ ಮೂವತ್ತೈದು ವರ್ಷಗಳ ಈ ಅನುಭವ ನಮ್ಮ ಕಣ್ಣೆದುರಿಗಿರಬೇಕು.

ಕೇಳಬೇಕಾದ ಪ್ರಶ್ನೆಗಳು

ಆ ಅನುಭವ ಹೇಳುವುದನ್ನು ಮೂರು ಪ್ರಶ್ನೆಗಳಲ್ಲಿ ಹಿಡಿಯಬಹುದು. ಸಿನಿಮಾ ಯಾರನ್ನು ಬದಲಾಯಿಸಿತು? ಬದಲಾದವನನ್ನು ಮತ್ತೆ ಹಳೆಯವನಾಗಿ ಮಾಡಬೇಡಿ. ಅದಕ್ಕಿಂತ ಅವನ ಪಕ್ಕದಲ್ಲಿದ್ದವನ ಕಥೆ ಹೇಳಿ. ಸಿನಿಮಾ ಯಾವ ಪ್ರಶ್ನೆಯನ್ನು ಉತ್ತರಿಸದೆ ಬಿಟ್ಟಿತು? 626ರ ಹಿಂದಿನ 625, ಸಂಧಿಯ ಮಾರನೆಯ ದಿನ, ಬಿಡುಗಡೆಯ ನಂತರದ ಬದುಕು, ಸರಣಿ ಹುಟ್ಟಬೇಕಾದ್ದು ಇಂಥ ಕಡೆ. ಆ ಪ್ರಶ್ನೆಗೆ ಎಷ್ಟು ಸಂಚಿಕೆ ಬೇಕು? 65 ಎಂದು ಮೊದಲೇ ನಿರ್ಧರಿಸಿ ಕಥೆಯನ್ನು ಎಳೆಯುವುದೂ ತಪ್ಪು, ಆರಕ್ಕೇ ನಿಲ್ಲಿಸಿ ಕತ್ತು ಹಿಸುಕುವುದೂ ತಪ್ಪು.

ಮೂರಕ್ಕೂ ಪ್ರಾಮಾಣಿಕ ಉತ್ತರ ಸಿಗದಿದ್ದರೆ ಸರಣಿ ಮಾಡದಿರುವುದೇ ಮೇಲು. ಕೆಲವು ಸಿನಿಮಾಗಳು ಮುಗಿದದ್ದು ಮುಗಿದ ಹಾಗೆಯೇ ಇದ್ದರೆ ಚೆನ್ನ. ಉತ್ತರ ಸಿಕ್ಕರೆ ಮಾತ್ರ ಸರಣಿಯನ್ನು ಸಿನಿಮಾದ ಬಡ ನೆಂಟನೆಂದು ನೋಡಬಾರದು. ಮಗು ಸಿನಿಮಾ ನೋಡುವುದು ಹಬ್ಬದ ಹಾಗೆ ಯಾವತ್ತೋ ಒಂದು ದಿನ. ಸರಣಿಯ ಪಾತ್ರಗಳ ಜೊತೆ ಅದು ತಿಂಗಳುಗಟ್ಟಲೆ ಬೆಳೆಯುತ್ತದೆ. ಸಂಜೆ ಸಂಜೆ ಮನೆಗೆ ಬರುವ ಆ ಗೆಳೆಯರು ಕಲಿತದ್ದನ್ನು ಮರೆಯದವರಾಗಿರಲಿ, ಆದ ಗಾಯವನ್ನು ಮುಚ್ಚಿಡದವರಾಗಿರಲಿ ಎಂದು ಕೇಳುವುದು ಹೆಚ್ಚಿನ ಬೇಡಿಕೆಯೇನಲ್ಲ. ಅದು ಮಕ್ಕಳಿಗೆ ಸಲ್ಲಬೇಕಾದ ಗೌರವ.